ಖಾಕಿ ಜೇಬು

ನಾಲ್ಕನೆಯ ಗುಂಡಿ ಕಾಜಕ್ಕೆ ಎಟುಕಲೇ ಇಲ್ಲ. ಸಂಘಮಿತ್ರಾ ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಒಳಗೆಳೆದುಕೊಂಡು ಇನ್ನೊಮ್ಮೆ ನೋಡಿದಳು. ಹೊಟ್ಟೆಯೇನೋ ಹೇಳಿದ ಮಾತು ಕೇಳಿತು. ಹಾಲು ತುಂಬಿದ ಎದೆ ಕೇಳಬೇಕಲ್ಲ.

"ಆಯ್ತೇನ್ ಮಗಾ?" ಪರದೆಯಾಚೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಅವ್ವ ಸಣ್ಣಕ್ಕ ಕೇಳಿದಳು.

"ಎಲ್ಲಿ ಆಯ್ತದವ್ವಾ! ಎರಡು ಬೆಳ್ಳು ಕಮ್ಮಿ ಬತ್ತದೆ."

"ಕಮ್ಮಿಯಾ?" ಟೈಲರ್ ಮಂಚಯ್ಯ ಮಿಷನ್ನು ನಿಲ್ಲಿಸಿದ. "ನೀವು ಕಳ್ಸಿದ್ದ ಅಳತೆ ಬಟ್ಟೆ ಇಲ್ಲೇ ಐತೆ ಕಣವ್ವ. ಒಂದು ನೂಲು ಎಚ್ಚುಕಮ್ಮಿ ಇದ್ರೆ ಆಗ ಕೇಳು."

ಒಂದು ನೂಲೂ ಹೆಚ್ಚುಕಮ್ಮಿ ಇರಲಿಲ್ಲ. ತೊಂದರೆಯಾಗಿದ್ದೇ ಅಲ್ಲಿ. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದೆ ನಲವತ್ತು ವರ್ಷದಿಂದ ಖಾಕಿ ಹೊಲಿಯುತ್ತಿರುವ ಮಂಚಯ್ಯ ಹೆಂಗಸರ ಮೈಗೆ ಟೇಪು ಹಿಡಿಯುವವನಲ್ಲ. ಹಳೆಯ ಬಟ್ಟೆಯೊಂದನ್ನು ಅಳತೆಗೆ ಕೊಟ್ಟರೆ ಮುಗಿಯಿತು, ಸುತ್ತಿನ ಹಳ್ಳಿಗಳ ರೂಢಿಯೂ ಅದೇ. ಕಿವಿಗೆ ಬಟ್ಟೆ ಕಟ್ಟಿಕೊಂಡು ಬಾಣಂತನದಲ್ಲಿದ್ದ ಸಂಘಮಿತ್ರಾ ತನ್ನ ಹಳೆಯ ಯೂನಿಫಾರ್ಮನ್ನು ಗಂಡನ ಕೈಗೆ ಕೊಟ್ಟಳು. ಗಂಡ ಅರುಣ್‌ಕುಮಾರ್ ಅದನ್ನು ಮಂಚಯ್ಯನಿಗೆ ತಲುಪಿಸಿದ. ಮಂಚಯ್ಯ ಹೊಲಿದ. ಬಸುರಿಗೆ ಮುಂಚಿನ ಅಂಗಿ ಹೆತ್ತ ಮೈಗೆ ಅಳತೆಯಾಗುವುದು ಹೇಗೆಂದು ಈ ಮೂವರು ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಬಹುದಾಗಿದ್ದ ಸಣ್ಣಕ್ಕನನ್ನು ಯಾರೂ ಕೇಳಲಿಲ್ಲ.

ಅಂದು ಶನಿವಾರ. ಸೋಮವಾರ ಬೆಳಿಗ್ಗೆ ಅವಳು ನುಗ್ಗೇಹಳ್ಳಿ ಬಸ್ಸಿಗೆ ಕಂಡಕ್ಟರಾಗಿ ಹತ್ತಬೇಕು. ಆರು ತಿಂಗಳ ರಜೆ ಮುಗಿದಿದೆ. ಮಗುವೋ ಬಾಟಲಿ ಕಂಡರೆ ಮುಖ ತಿರುಗಿಸುತ್ತದೆ, ಚಮಚದಲ್ಲಿ ಹಾಕಿದ ಹಾಲನ್ನು ನಾಲಿಗೆಯಲ್ಲೇ ಹೊರಕ್ಕೆ ತಳ್ಳುತ್ತದೆ. ತವರು ನುಗ್ಗೇಹಳ್ಳಿಯಲ್ಲೇ ಇರುವುದರಿಂದ ಅವ್ವ ಮಗಳು ಕೂತು ಒಂದು ದಾರಿ ಹುಡುಕಿದ್ದರು. ಬಸ್ಸು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಬಂದು ಕಾಲು ಗಂಟೆ ನಿಲ್ಲುತ್ತದೆ. ಅಷ್ಟೂ ಸಲ ಸಣ್ಣಕ್ಕ ಮಗುವನ್ನು ಎತ್ತಿಕೊಂಡು ಬರುವುದು, ಇವಳು ಸೀಟಿನಲ್ಲೇ ಕೂತು ಕುಡಿಸುವುದು.

"ಬಸ್ ತುಂಬ ಜನ ಇರ್ತಾರೆ. ಅಷ್ಟು ಜನದ ಮುಂದೆ ಯೂನಿಫಾರ್ಮ್ ಗುಂಡಿ ಬಿಚ್ಕೊಂಡು ಕೂತ್ಕೊಳ್ಳೋಕಾಯ್ತದಾ? ಇನ್ನೊಂದು ವರ್ಷ ಸಂಬಳ ಇಲ್ದಿದ್ರೂ ಚಿಂತೆ ಇಲ್ಲ, ರಜಾ ಹಾಕು" ಎಂದಿದ್ದ ಅರುಣ್‌ಕುಮಾರ್. ಒಳ್ಳೆಯ ಮಾತೇ. ಆದರೆ ಆರು ವರ್ಷ ಆ ಬಸ್ಸಿನಲ್ಲಿ ನಿಂತೇ ಓಡಾಡಿದವಳಿಗೆ ಮನೆಯ ನಾಲ್ಕು ಗೋಡೆಗಳು ಈ ಆರು ತಿಂಗಳಲ್ಲೇ ಸಾಕುಸಾಕಾಗಿದ್ದವು. ಕೆಲಸ ಬೇಕಿತ್ತು, ಮಗುವಿಗೆ ಹಾಲೂ ಬಿಡಿಸಬಾರದಿತ್ತು. ಎರಡೂ ಈಗ ಈ ಅಂಗಿಯಲ್ಲಿ ಸಿಕ್ಕಿಕೊಂಡಿದ್ದವು. ಪರದೆಯ ಹಿಂದೆ ಅವಳಿಗೆ ಅಳುವೇ ಬಂತು.

"ಸೀರೆ ಉಟ್ಕೊಂಡು ಮೇಲೊಂದು ಕೋಟ್ ಆಕ್ಕೊಳವ್ವ. ಸೆರಗಿರ್ತದೆ, ಮುಚ್ಕೊಬೌದು" ಎಂದ ಮಂಚಯ್ಯ.

"ಆ ರಶ್ಶಲ್ಲಿ ಸೀರೆ ಕಾಲಿಗೆ ಸಿಗಾಕ್ಕೊಂಡು ಬಿದ್ರೆ ಮಗೀನ ನೀನು ಸಾಕ್ತೀಯಾ ಮಂಚಣ್ಣ?" ಸಣ್ಣಕ್ಕ ಮಗುವನ್ನು ಅವನ ಮಡಿಲಿಗೇ ಇಟ್ಟುಬಿಟ್ಟಳು. ಅವನು ಬೆಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡ. ಅಷ್ಟರಲ್ಲಿ ಅವನ ಕೊರಳಲ್ಲಿದ್ದ ಟೇಪು ಅವಳ ಕೈಗೆ ಬಂದಿತ್ತು.

ಪರದೆಯೊಳಗೆ ಹೋಗಿ ಮಗಳ ಎದೆಗೆ ಟೇಪು ಸುತ್ತಿದಳು. ಅಂಕಿ ಓದಲು ಬಾರದು. ಸೇರಿದ ಜಾಗಕ್ಕೆ ಹೆಬ್ಬೆರಳ ಉಗುರು ಒತ್ತಿ ಹಿಡಿದು ಹಾಗೇ ಹೊರಗೆ ತಂದು ಮಂಚಯ್ಯನ ಕಣ್ಣಿಗೆ ಹಿಡಿದಳು. "ಬರ್ಕೋ. ಇನ್ನೊಂದೀಟು ಸಡ್ಲ ಬುಡು. ಆಲು ಕಟ್ಕೊಂಡಾಗ ನೋವಾಯ್ತದೆ."

ಮಗುವನ್ನು ಅವಳ ಹೆಗಲಿಗೆ ದಾಟಿಸಿ ಮಂಚಯ್ಯ ಬರೆದುಕೊಂಡ. ಪಕ್ಕದ ಅಂಗಡಿಯಿಂದ ಹೊಸ ಖಾಕಿ ಬಟ್ಟೆ ತಂದದ್ದೂ ಆಯಿತು. ಕತ್ತರಿ ಹಿಡಿಯುವಾಗ ಸಣ್ಣಕ್ಕ ಅವನ ಕೈ ತಡೆದಳು. ಚಿಕ್ಕದಾದ ಅಂಗಿಯ ಎದೆಯ ಜೇಬಿನೊಳಗೆ ತನ್ನ ಕೈ ತೂರಿಸಿ ಏನೋ ಯೋಚಿಸುತ್ತಿದ್ದಳು.

"ಈ ಜೇಬಿನ ಇಂದ್ಗಡೆ ಬಟ್ಟೆ ಯಾಕೆ?"

"ಇನ್ನೇನು ಗಾಳಿ ಮೇಲೆ ಹೊಲೀಲಾ ಜೇಬ?"

"ಇಂದ್ಗಡೆ ಕುಯ್ದುಬುಡು. ಜೇಬ ಒಂದು ಮಗ್ಗುಲಿಗೆ ಮಾತ್ರ ಹೊಲಿ, ಮಿಕ್ಕ ಕಡೆ ಟಿಚ್ ಬಟನ್ ಆಕು. ಬಾಗ್ಲು ತೆಗ್ದಂಗೆ ತೆಗೀಬೇಕು, ಆಕ್ದಂಗೆ ಆಕ್ಕೋಬೇಕು. ಎರಡು ಕಡೀಕೂ."

ಮಂಚಯ್ಯನ ಮುಖ ಕೆಂಪಾಯಿತು. "ಯೂನಿಫಾರ್ಮ್ ಕಣ್ ಸಣ್ಣಕ್ಕ ಇದು. ರೂಲ್ಸ್ ಐತೆ. ಜೇಬು ಅಂದ್ರೆ ಜೇಬು."

"ಮ್ಯಾಲೆ ನೋಡುದ್ರೆ ಜೇಬೇಯ. ಒಳೀಕೆ ಏನೈತೆ ಅಂತ ಯಾವ ಸಾಯೇಬ ಕೈ ಆಕಿ ನೋಡ್ತಾನೆ, ಏಳು?"

ಪರದೆಯೊಳಗಿಂದ ಸಂಘಮಿತ್ರಾ ಕಿಸಕ್ಕನೆ ನಕ್ಕಳು. ಮಂಚಯ್ಯನಿಗೆ ಮಗುವಿನ ಮುಖ ನೋಡುವುದು ಬಿಟ್ಟು ಬೇರೆ ದಾರಿ ಉಳಿಯಲಿಲ್ಲ.

ಈ ಸಣ್ಣಕ್ಕನನ್ನು ಮೆಚ್ಚದೆ ಇರುವುದು ಹೇಗೆ? ಸಂಘಮಿತ್ರಾ ಹುಟ್ಟಿ ತಿಂಗಳೂ ತುಂಬಿರಲಿಲ್ಲ, ಗಂಡ ಗುಂಡಯ್ಯನ ತುಂಬುತೋಳಿನ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಕಂಡವರ ಹೊಲದಲ್ಲಿ ರಾಗಿ ಕಳೆ ಕೀಳಲು ಹೋಗಿದ್ದಳು. ಬದುವಿನ ಮೇಲೆ ಹೊಲದ ಯಜಮಾನ ನಿಂತಿರುತ್ತಿದ್ದ. ಅವನಿಗೆ ಬೆನ್ನು ಹಾಕಿ, ಅಂಗಿಯೊಳಗೆ ಮಗುವನ್ನು ತೂರಿಸಿಕೊಂಡು ಕುಡಿಸುತ್ತಿದ್ದಳು. "ಬಿಸಿಲಿಗೆ ಬೆವತು ಆ ಅಂಗಿ ಒಳಗೆ ನಿಂಗೆ ಉಸ್ರು ಕಟ್ತಿತ್ತು ಕಣ್ ಮಗಾ. ನೀನೂ ಅಂಗೇ ಕುಡಿಸ್ಬೇಕಾ ನಿನ್ ಮಗೀಗೆ?" ಎಂದಳು ಪರದೆಯ ಕಡೆ ತಿರುಗಿ. ಮಂಚಯ್ಯ ಕತ್ತರಿ ಕೈಗೆತ್ತಿಕೊಂಡ. ಭಾನುವಾರ ಅಂಗಡಿಗೆ ರಜ. ಅವನು ಬಾಗಿಲು ಅರ್ಧ ಎಳೆದುಕೊಂಡು ಕೂತು ಹೊಲಿದ. ಬಟನ್ ಚುಚ್ಚಬಾರದೆಂದು ಒಳಗೆ ಮೆತ್ತನೆಯ ಮಲ್ಲುಬಟ್ಟೆಯ ಪಟ್ಟಿಯನ್ನೂ ಕೊಟ್ಟಿದ್ದ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಸೋಮವಾರ ಹತ್ತೂವರೆಗೆ ಬಸ್ಸು ನುಗ್ಗೇಹಳ್ಳಿಗೆ ಬಂದಾಗ ಮಗುವಿನ ಕೂಗು ಬಾಗಿಲಿನಲ್ಲೇ ಕೇಳಿಸಿತು. ಸಂಘಮಿತ್ರಾ ಅವ್ವನ ಕೈಯಿಂದ ಮಗುವನ್ನು ಇಸಿದುಕೊಂಡು ಕಂಡಕ್ಟರ್ ಸೀಟಿನಲ್ಲಿ ಕೂತಳು. ಎಡಗಡೆಯ ಜೇಬನ್ನು ಮೆಲ್ಲಗೆ ಬಿಚ್ಚಿದಳು. ಹೊಸ ಬಟ್ಟೆಯ ಗಂಜಿವಾಸನೆಗೆ ಮಗು ಒಂದು ಗಳಿಗೆ ಮೂತಿ ಹಿಂದಕ್ಕೆಳೆದುಕೊಂಡಿತು. ಮಗು ಮತ್ತೆ ಮುಖ ಉಜ್ಜಿ ಹುಡುಕಿ, ಕೊನೆಗೆ ಸದ್ದಿಲ್ಲದಾಯಿತು.

ಜನ ಹತ್ತತೊಡಗಿದರು. ಕೈಚೀಲ ಹಿಡಿದ ಮುದುಕಿಯೊಬ್ಬಳು ಸೀಟಿನ ಪಕ್ಕದಲ್ಲೇ ನಿಂತಳು.

"ಯಾರ ಕೂಸು ಕಣವ್ವ? ನಿನ್ ಕೈಗ್ ಕೊಟ್ಬುಟ್ಟು ಎಲ್ಲಿಗೋದ್ರು?"

"ನಂದೇ ಕಣಜ್ಜಿ. ಎಲ್ಲಿಗೆ? ಆಧಾರ್ ಕಾರ್ಡ್ ತೆಗೀರಿ."

"ಪಟ್ಣಕ್ಕೆ. ಅಯ್ಯೋ, ಎಷ್ಟ್ ಚೆಂದಾಗ್ ಮಲಗೈತೆ!"

"ಊಂ ಕಣಜ್ಜಿ" ಎಂದು ಸಂಘಮಿತ್ರಾ ಒಂದೇ ಕೈಯಲ್ಲಿ ಮಿಷನ್ ಒತ್ತಿ ಟಿಕೆಟ್ ಹರಿದುಕೊಟ್ಟಳು. ಕಿಟಕಿಯ ಕೆಳಗೆ ನಿಂತಿದ್ದ ಸಣ್ಣಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೇರೆಲ್ಲೋ ನೋಡುತ್ತಿದ್ದಳು. ಖಾಕಿಯ ಮರೆಯಲ್ಲಿ ಮಗು ಗುಟುಕು ಗುಟುಕಾಗಿ ಕುಡಿಯುತ್ತಲೇ ಇತ್ತು.