ದುರ್ಗಾಳ ತೋಳು, ಸುಮಲತಾಳ ತೋಳು

ನಾನು ಬೇಲೆಕೇರಿ ಜಟ್ಟು, ದೋಣಿಗೆ ಹೋಗುವವ. ನನ್ನ ಹೆಂಡತಿ ದುರ್ಗಾ ಅಂಕೋಲೆ ಪೇಟೆಯಲ್ಲಿ ಮೀನು ಮಾರ್ತಾಳೆ. ಮೊದಲು ಮಾರ್ತಿದ್ಲು ಅನ್ನೂದಕ್ಕಿಂತ ಸೀನ್ತಿದ್ಲು ಅಂದ್ರೇ ಸರಿ. ಒಮ್ಮೆ ಶುರುವಾದ್ರೆ ಹನ್ನೆರಡು ಸೀನು. ಬಂಗಡೆ ಆರಿಸ್ತಿದ್ದ ಗಿರಾಕಿ ಚೀಲ ಮಡಚಿಕೊಂಡು ಹಿಂದೆ ನೋಡದೆ ಹೋಗ್ತಿದ್ರು. ಹೀಗೇ ಆದ್ರೆ ಇಪ್ಪತ್ತು ವರ್ಷ ಕೂತ ಜಾಗ ಬಿಟ್ಟು ಮನೆ ಸೇರಬೇಕಲ್ಲ ಅಂತ ಅವಳಿಗೆ ಹೆದರಿಕೆ.

ಪಕ್ಕದ ಬುಟ್ಟಿಯ ಸುಮಲತಾಳೂ ಸೀನುವವಳೇ. ಇಬ್ಬರೂ ಒಟ್ಟಿಗೆ ಕಾರವಾರಕ್ಕೆ ಹೋಗಿ ಅಲರ್ಜಿ ಡಾಕ್ಟರಿಗೆ ತೋರಿಸಿದ್ರು. ಕೈಗೆ ಚುಚ್ಚಿ ನೋಡಿದ ಡಾಕ್ಟರು, ಇದು ಮೀನಿಂದ ಅಲ್ಲ, ಧೂಳಿನ ನುಸಿಯಿಂದ ಅಂದ್ರು. ಕಣ್ಣಿಗೆ ಕಾಣದ ಸಣ್ಣ ಜೀವವಂತೆ, ಹಾಸಿಗೆ ದಿಂಬಲ್ಲಿ ಸಂಸಾರ ಮಾಡ್ಕಂಡು ಇರ್ತದಂತೆ. ಮೀನಿನ ಮೇಲಿನ ಅಪವಾದ ಹೋಯ್ತಲ್ಲ ಅಂತ ನಾನು ಖುಷಿಪಟ್ಟೆ.

ಇಬ್ಬರಿಗೂ ಒಂದೇ ದಿನ ಕಾರವಾರದ ಆಸ್ಪತ್ರೆಯಲ್ಲಿ ಅಲರ್ಜಿ ತಗ್ಗಿಸುವ ಇಂಜೆಕ್ಷನ್ ಶುರುವಾಯ್ತು. ವಾರಕ್ಕೊಂದು. ಆರನೇ ತಿಂಗಳಿಗೆ ಸುಮಲತಾಳ ಸೀನು ಅರ್ಧಕ್ಕರ್ಧ ಕಮ್ಮಿ. ನಮ್ಮವಳದ್ದು ಹನ್ನೆರಡಕ್ಕೆ ಹನ್ನೆರಡು. ಗಿರಾಕಿಗಳೆಲ್ಲ ಪಕ್ಕದ ಬುಟ್ಟಿಗೆ. ಬಸ್ಸಲ್ಲಿ ಇಬ್ಬರೂ ತೋಳು ಅಳೆದು ನೋಡೂದೇ ನೋಡೂದು. ಸುಮಲತಾಳ ತೋಳು ಸ್ವಲ್ಪ ಊದಿದ್ರೆ ಮುಗೀತು, ಅವಳಿಗೆ ಗಟ್ಟಿ ಔಷಧ, ತನಗೆ ಬರೀ ನೀರು ಅಂತ ದುರ್ಗಾ ತೀರ್ಮಾನ ಮಾಡಿಬಿಟ್ಲು.

ಮುಂದಿನ ವಾರ ಜಗಳ ತಡೆಯೂಕೆ ನಾನೂ ಹೋದೆ. ಪ್ರಯೋಜನ ಆಗಲಿಲ್ಲ. ದುರ್ಗಾ ಸೀದಾ ಇಂಜೆಕ್ಷನ್ ಹಾಕುವ ವೈಜಯಂತಿ ಸಿಸ್ಟರ ಎದುರು ನಿಂತು, "ಸುಮಲತಾಗೆ ಹಾಕಿದ್ದನ್ನೇ ನನಗೂ ಹಾಕಿ, ಇಲ್ಲಾಂದ್ರೆ ನಾ ಇವತ್ತಿಗೆ ಬಿಟ್ಟೆ" ಅಂದ್ಲು.

ಸಿಸ್ಟರು ನಗಲಿಲ್ಲ. ಒಬ್ಬರ ಅಳತೆ ಇನ್ನೊಬ್ಬರಿಗೆ ಹಾಕಿದ್ರೆ ಜೀವಕ್ಕೇ ಅಪಾಯ, ತೋಳು ಊದಿದ್ದಕ್ಕೂ ಔಷಧ ಹತ್ತಿದ್ದಕ್ಕೂ ಸಂಬಂಧ ಇಲ್ಲ, ಹೆಚ್ಚು ಊದಿದ್ರೆ ನಮಗೆ ಹೇಳಬೇಕು ಅಷ್ಟೇ ಅಂದ್ರು. ಆಮೇಲೆ ಕೂರಿಸಿ ಹೇಳಿದ್ರು:

"ನಮ್ಮ ರಕ್ತದಲ್ಲಿ ಕಾವಲುಗಾರರಿದ್ದಾರೆ ದುರ್ಗಕ್ಕ. ಕೆಲವರು ನುಸಿಯನ್ನು ಕಂಡ್ರೆ ಸುಮ್ಸುಮ್ನೆ ಬೊಬ್ಬೆ ಹಾಕ್ತಾರೆ, ಅದೇ ನಿಮ್ಮ ಸೀನು. ಇಂಜೆಕ್ಷನ್ ತಕಂಡ್ರೆ ಅವರನ್ನ ತಡೆಯುವ ಬೇರೆ ಕಾವಲುಗಾರರು ನಿಧಾನಕ್ಕೆ ಹುಟ್ಕಳ್ತಾರೆ. ಕೆಲವರಿಗೆ ಬೇಗ, ಕೆಲವರಿಗೆ ವರ್ಷ ಬೇಕು. ಅಲ್ಲ, ನೀವು ಹಾಸಿಗೆ ಬಿಸಿಲಿಗೆ ಹಾಕ್ತೀರೋ ಇಲ್ವೋ?"

"ಬಿಸಿಲು ಮೀನಿಗೇ ಸಾಲೂದಿಲ್ಲ, ಹಾಸಿಗೆಗೆ ಎಲ್ಲಿಂದ ತರ್ಲಿ?" ಅಂದ್ಲು ದುರ್ಗಾ.

ಅವಳು ಹೇಳಿದ್ದು ಖರೆ. ನಮ್ಮ ಅಂಗಳದ ಬಿಸಿಲೆಲ್ಲ ಒಣಮೀನಿನದ್ದು. ನಮ್ಮ ಮದುವೆಯ ಕೌದಿ ಅವತ್ತಿನವರೆಗೆ ಸೂರ್ಯನ ಮುಖ ನೋಡಿರಲಿಲ್ಲ. ಹಗಲು ಔಷಧ, ರಾತ್ರಿ ನುಸಿ ಜೊತೆ ನಿದ್ದೆ. ಸುಮಲತಾ ಮಾತ್ರ ಸಿಸ್ಟರು ಮೊದಲ ದಿನ ಇಬ್ಬರಿಗೂ ಹೇಳಿದ್ದನ್ನ ಕೇಳಿ ಅದೇ ವಾರ ಎಲ್ಲ ತೊಳೆದಿದ್ದಳು. ನನಗೆ ನಾಚಿಕೆಯಾಯ್ತು.

ಆ ಭಾನುವಾರ ಮೀನು ಒಳಗೆ, ಹಾಸಿಗೆ ಹೊರಗೆ. ಕೌದಿ, ಚಾದರ ಎಲ್ಲ ಕುದಿ ನೀರಲ್ಲಿ ನಾನೇ ಒಗೆದೆ, ಹಳೇ ದಿಂಬು ಎಸೆದೆ. ನಮ್ಮಲ್ಲಿ ಯಾರಾದ್ರೂ ಸತ್ರೆ ಮಾತ್ರ ಹಾಸಿಗೆ ಹೊರಗೆ ಬರೂದು, ಹಾಗಾಗಿ ಅಂಗಳದಲ್ಲಿ ಹಾಸಿಗೆ ಕಂಡ ಕೇರಿಯವರು ಯಾರು ತೀರಿಕೊಂಡ್ರು ಅಂತ ಗಾಬರಿಯಿಂದ ಓಡಿ ಬಂದ್ರು. ದುರ್ಗಾ ಬಾಗಿಲಿಗೆ ಬಂದು ನಿಂತ ಮೇಲೇ ಯಾರೂ ಸತ್ತಿಲ್ಲ ಅಂತ ನಂಬಿದ್ದು.

ದುರ್ಗಾ ಇಂಜೆಕ್ಷನ್ ಬಿಡಲಿಲ್ಲ. ಹತ್ತನೇ ತಿಂಗಳಲ್ಲಿ ಒಂದು ದಿನ ಹತ್ತೂವರೆಗೇ ಮನೆಗೆ ಬಂದ್ಲು. ಹುಷಾರಿಲ್ಲವೇನೋ ಅಂತ ನಾನು ಎದ್ದು ಬಾಗಿಲಿಗೆ ಬಂದೆ. ಬುಟ್ಟಿ ಕವುಚಿ ತೋರಿಸಿದ್ಲು, ಒಂದು ಮೀನಿಲ್ಲ. "ಯಾರೂ ಎದ್ದು ಹೋಗಲಿಲ್ಲ ಇವತ್ತು" ಅಂದವಳೇ ಅತ್ತುಬಿಟ್ಲು.

ವರ್ಷಗಟ್ಟಲೆ ಸೀನುವ ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮಗೆ ಯಾವುದರ ಅಲರ್ಜಿ ಅಂತ ಮೊದಲು ಡಾಕ್ಟರ ಹತ್ರ ತಿಳ್ಕಳಿ. ಅವರು ಇಂಜೆಕ್ಷನ್ ಬೇಕು ಅಂದ್ರೆ ಆಸ್ಪತ್ರೆಯಲ್ಲೇ ತಕಳಿ, ಮೈಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅವರು ನೋಡೂಕೆ ಅರ್ಧ ತಾಸು ಅಲ್ಲೇ ಕೂತಿರಿ, ಉಸಿರು ಕಟ್ಟುವ ದಮ್ಮು ಹೆಚ್ಚಿದ್ದ ದಿನ ಚುಚ್ಚೂಕೆ ಮೊದಲೇ ಹೇಳಿ. ಮೂರು ವರ್ಷವೋ ಐದೋ, ಅವರು ಹೇಳಿದಷ್ಟು ದಿನ ಹೋಗಿ. ಪಕ್ಕದವರಿಗೆ ಬೇಗ ಗುಣವಾಯ್ತು ಅಂತ ಸಿಟ್ಟಲ್ಲಿ ನಡುವೆ ಬಿಡಬೇಡಿ. ನನ್ನ ಹೆಂಡತಿ ಅವತ್ತು ಬಿಟ್ಟಿದ್ರೆ ಪೇಟೆಯ ಆ ಜಾಗದಲ್ಲಿ ಇವತ್ತು ಬೇರೆ ಯಾರೋ ಕೂತಿರ್ತಿದ್ರು.