ರಾಜನ ಶತ್ರುಗಳ ದವಡೆಗಳು

ಇದು ನಡೆದ ಕಥೆ. ನಡೆದದ್ದಷ್ಟೇ ಅಲ್ಲ, ಕೈಗಾಡಿ ಹತ್ತಿ ನಾಲ್ಕು ಬೀದಿ ಸುತ್ತಿದ ಕಥೆ. ಸುಳ್ಳಿನ ಹಾಗೆ ಕೇಳಿಸಿದರೆ ಕಥೆಯನ್ನು ಬೈಯಬೇಡಿ. ನಿಜಕ್ಕೆ ಎಷ್ಟೋ ಸಲ ಗಂಭೀರವಾಗಿರಲು ಬರುವುದಿಲ್ಲ.

ಹಲ್ಲಿನ ಸೆಟ್ಟು ಕಟ್ಟುವ ಅಕ್ಕನನ್ನು ಊರಿಗೆ ಊರೇ ಅಕ್ಕ ಎನ್ನುತ್ತಿತ್ತು. ಹಾಗಾಗಿ ಅವಳ ತಮ್ಮ ಊರಿಗೆಲ್ಲ ತಮ್ಮ. ವಯಸ್ಸು ನಲವತ್ತಾರು, ತಲೆಯಲ್ಲಿ ಕೂದಲಿಗಿಂತ ಬಯಲೇ ಹೆಚ್ಚು, ಆದರೂ ತಮ್ಮ. ಅಪ್ಪ ತೀರಿಕೊಂಡಾಗ ಅವನಿಗೆ ಏಳು, ಅಕ್ಕನಿಗೆ ಹತ್ತೊಂಬತ್ತು. ಅಪ್ಪ ಬಿಟ್ಟುಹೋದದ್ದು ಒಂದು ಕೋಣೆಯ ಕಾರ್ಖಾನೆ, ಒಂದು ಅರೆಯುವ ಯಂತ್ರ, ಮೂವತ್ತಾರು ಖಾನೆಗಳ ಒಂದು ಮರದ ಬೀರು. ಖಾನೆ ತುಂಬ ಊರವರ ಬಾಯಿಯಿಂದ ತೆಗೆದ ಪ್ಲಾಸ್ಟರ್ ಅಚ್ಚುಗಳು. ಅಕ್ಕ ಅಪ್ಪನ ಸ್ಟೂಲಿನ ಮೇಲೆ ಕೂತು, ಆ ದವಡೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ಕೆಲಸ ಕಲಿತಳು. ಅವಳಿಂದ ಊರಿನ ಮುದುಕರು ಊಟ ಮಾಡಿದರು. ಮುದುಕರಿಂದ ಅಕ್ಕ, ತಮ್ಮ ಊಟ ಮಾಡಿದರು.

ಬೀರುವಿಗೆ ಒಂದು ಚಾಳಿಯಿತ್ತು. ಅಪ್ಪ ಅದನ್ನು ಗಾಳಿಯಾಡದಷ್ಟು ಬಿಗಿಯಾಗಿ ಮಾಡಿಸಿದ್ದರು. ಒಂದು ಖಾನೆ ಮುಚ್ಚಿದರೆ ಒಳಗಿನ ಗಾಳಿ ಅದರ ಕೆಳಗಿನದನ್ನು ಹೊರಗೆ ತಳ್ಳುತ್ತಿತ್ತು. ಒಬ್ಬರ ಬಾಯಿ ಮುಚ್ಚಿಸಿದರೆ ಇನ್ನೊಬ್ಬರು ಬಾಯಿ ತೆರೆಯುವ ಕೂಡುಕುಟುಂಬದ ಹಾಗೆ. ಅದಕ್ಕೇ ಮನೆಯವರು ಬಲಗೈಯಲ್ಲಿ ಖಾನೆ ಮುಚ್ಚುವಾಗ ಎಡಗೈಯನ್ನು ಕೆಳಗಿನ ಖಾನೆಯ ಮೇಲೆ ಒತ್ತಿ ಹಿಡಿಯುತ್ತಿದ್ದರು. ಯಾರೂ ಯೋಚಿಸಿ ಮಾಡುತ್ತಿರಲಿಲ್ಲ. ಸೀನು ಬಂದಾಗ ಕಣ್ಣು ಮುಚ್ಚಿದಂತೆ.

ಇನ್ನೊಂದು ಚಾಳಿ ತಮ್ಮನದು. ಹಲ್ಲಿಲ್ಲದೆ ಬಂದವರು ಹಲ್ಲು ಹಾಕಿಕೊಂಡು ಹೋಗುವಾಗ ಮಾತು ಹೇಗೆ ಬದಲಾಗುತ್ತದೆಂದು ಚಿಕ್ಕಂದಿನಿಂದ ಕೇಳಿ ಕೇಳಿ, ಯಾರ ದನಿಯನ್ನಾದರೂ ಎತ್ತಿ ತನ್ನ ಬಾಯಿಗೆ ಕೂರಿಸಿಕೊಳ್ಳುತ್ತಿದ್ದ. ಅಂಚೆಯವನು, ವಕೀಲ, ತನ್ನ ಸ್ವಂತ ಮಾವ, ಯಾರನ್ನೂ ಬಿಟ್ಟಿರಲಿಲ್ಲ. ಅಕ್ಕ ಮಾತ್ರ ಈ ವಿದ್ಯೆಗೆ ಒಮ್ಮೆಯೂ ನಕ್ಕವಳಲ್ಲ. ಅಚ್ಚು ತೆಗೆಯುವಾಗ ಇದರ ಅರ್ಧ ನಿಗಾ ಇಟ್ಟರೆ ಸಾಕಿತ್ತು ಎನ್ನುತ್ತಿದ್ದಳು.

ಅಕ್ಕನ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಹತ್ತು ದಿನ ಮಗಳ ಮನೆಯಲ್ಲಿ ವಿಶ್ರಾಂತಿ. ಹೊರಡುವಾಗ ಮೊಟ್ಟಮೊದಲ ಬಾರಿಗೆ ಕಾರ್ಖಾನೆಯ ಬೀಗದ ಕೈ ತಮ್ಮನ ಕೈ ಸೇರಿತು. "ಗೋಡೆಗೆ ಸುಣ್ಣ ಬಳಿಸು, ಅಷ್ಟೇ," ಎಂದಳು ಅಕ್ಕ. "ಬಂದು ನೋಡ್ತೀನಿ. ಎಲ್ಲ ಸರಿಯಾಗಿದ್ರೆ ಇನ್ಮೇಲೆ ಕೈ ನಿನ್ನ ಹತ್ರಾನೇ ಇರ್ಲಿ."

ನಲವತ್ತಾರು ವರ್ಷದವನ ಎದೆ ಒಂದು ಗೇಣು ಉಬ್ಬಿತು. ಉಬ್ಬಿದ ಎದೆಯಿಂದಲೇ ಅವನು ಬೀರುವನ್ನು ಪಡಸಾಲೆಗೆ ತಳ್ಳಿಸಿ, ಗುಜರಿಗೆ ಹಾಕಬೇಕೆಂದಿದ್ದ ಮುರುಕು ಶೆಲ್ಫಿನ ಪಕ್ಕ ನಿಲ್ಲಿಸಿದ.

ಅಷ್ಟರಲ್ಲಿ ಗುಜರಿಯವನು ಕೈಗಾಡಿ ತಳ್ಳಿಕೊಂಡು ಬಂದ. ಮೂಗಿನಲ್ಲಿ ಹೊರಟು ಗಂಟಲಲ್ಲಿ ತಿರುಗಿ ಮತ್ತೆ ಮೂಗಿಗೇ ಸೇರುವ ಕೂಗು ಅವನದು. ಮಹಡಿಯ ಕಿಟಕಿಯಲ್ಲಿದ್ದ ತಮ್ಮನಿಗೆ ತಡೆಯಲಾಗಲಿಲ್ಲ, ಅದೇ ಕೂಗನ್ನು ವಾಪಸು ಎಸೆದ. ತನ್ನ ಬೀದಿಗೆ ಇನ್ಯಾವನೋ ನುಗ್ಗಿದನೆಂದು ಗುಜರಿಯವನು ಗಾಡಿ ನಿಲ್ಲಿಸಿ ಇನ್ನೂ ಜೋರಾಗಿ ಕೂಗಿದ. ತಮ್ಮನೂ ಬಿಡಲಿಲ್ಲ. ಹತ್ತು ನಿಮಿಷ ಈ ಸ್ಪರ್ಧೆ ನಡೆದ ಮೇಲೆ ತಮ್ಮ ಗೆದ್ದ ಖುಷಿಯಲ್ಲಿ, ಕೆಳಗಿಳಿಯದೆ, ಅದೇ ಮೂಗಿನ ದನಿಯಲ್ಲಿ, ಪಡಸಾಲೆಯಲ್ಲಿರೋದನ್ನ ತಗೊಂಡು ಹೋಗಪ್ಪಾ ಎಂದುಬಿಟ್ಟ. ತನ್ನ ದನಿಯೇ ತನಗೆ ಅಪ್ಪಣೆ ಕೊಟ್ಟ ಮೇಲೆ ಆ ಬಡಪಾಯಿ ಏನು ಮಾಡಿಯಾನು? ಶೆಲ್ಫನ್ನೂ ಒಯ್ದ, ಬೀರುವನ್ನೂ ಒಯ್ದ.

ಮೂರು ದಿನ ತಮ್ಮ ಊರು ಅಲೆದ. ಗುಜರಿಯವನು ಬೀರುವನ್ನು ಪಾಲಿಶಿನವನಿಗೆ ಕೊಟ್ಟಿದ್ದ; ಪಾಲಿಶಿನವನು ತಿಕ್ಕಿ ಹೊಳಪಿಸಿ ಹಳೆ ಸಾಮಾನಿನ ದೊಡ್ಡ ಅಂಗಡಿಗೆ ದಾಟಿಸಿದ್ದ. ನಾಲ್ಕನೆಯ ದಿನ ಅಂಗಡಿಯ ಗಾಜಿನ ಹಿಂದೆ, ವಿದ್ಯುದ್ದೀಪದ ಕೆಳಗೆ, ಮದುವಣಗಿತ್ತಿಯ ಹಾಗೆ ಬೀರು ನಿಂತಿತ್ತು. ಖಾನೆಗಳ ಮೇಲೆ ಅಪ್ಪ ಅಂಟಿಸಿದ್ದ ಹೆಸರಿನ ಚೀಟಿಗಳು ಮಾಯ. ಬದಲಿಗೆ ಒಂದು ದಪ್ಪ ರಟ್ಟಿನ ಮೇಲೆ ಬರೆದಿತ್ತು: ಅರಮನೆಯ ಪೆಟಾರಿ. ಒಳಗೆ ರಾಜನ ಶತ್ರುಗಳ ದವಡೆಗಳು.

ಗುರುತು ಹೇಳಿದರೆ ಬೆಲೆ ಏರುತ್ತದೆಂದು ತಮ್ಮ ದಾರಿಹೋಕ ಗಿರಾಕಿಯ ಹಾಗೆ ಒಳಹೊಕ್ಕ. ದುಂಡು ಕನ್ನಡಕದ ಅಂಗಡಿಯವರು ಒಂದು ಖಾನೆ ಎಳೆದು, ಇದು ದಂಗೆಯೆದ್ದ ಸೇನಾಪತಿಯ ಕೆಳದವಡೆ ಎಂದು ಪಿಸುಗುಟ್ಟಿದರು. ತಮ್ಮ ನೋಡಿದ. ತಾಲೂಕು ಕಚೇರಿಯ ಗುಮಾಸ್ತರದು. ದಂಗೆ ಹಾಗಿರಲಿ, ಆ ಮನುಷ್ಯ ಹೆಂಡತಿಯ ಎದುರು ಕೆಮ್ಮಿದವರಲ್ಲ. ತಮ್ಮ ನಗು ನುಂಗಿಕೊಂಡು, ಮರ ಹುಳು ಹಿಡಿದಿದೆ, ಬಣ್ಣ ಕೆಟ್ಟಿದೆ ಎಂದು ಹಳಿಯುತ್ತಾ, ಮಾತಿನ ಭರದಲ್ಲಿ ಖಾನೆಯನ್ನು ಮುಚ್ಚಿದ. ಬಲಗೈಯಲ್ಲಿ ಮುಚ್ಚಿದ. ಎಡಗೈ ತಾನಾಗಿ ಹೋಗಿ ಕೆಳಗಿನ ಖಾನೆಯನ್ನು ಒತ್ತಿ ಹಿಡಿಯಿತು.

ಅಂಗಡಿಯವರು ಕನ್ನಡಕ ತೆಗೆದು ಒರೆಸಿಕೊಂಡರು. "ನಿನ್ನೆಯಿಂದ ಇದರ ಖಾನೆಗಳು ನನ್ನ ಮೊಣಕಾಲಿಗೆ ಗುದ್ದುತ್ತಾ ಇವೆ. ನಿಮಗೊಬ್ಬರಿಗೇ ಮರ್ಯಾದೆ ಕೊಟ್ಟಿತಲ್ಲ ಸ್ವಾಮಿ. ಮನೇದಾ?"

ತಮ್ಮ ಎಲ್ಲ ಒಪ್ಪಿಕೊಂಡ. ಅಂಗಡಿಯವರು ಕೆಟ್ಟವರಲ್ಲ, ಕೊಂಡ ಬೆಲೆಗೇ ಕೊಡುತ್ತೇನೆ ಎಂದರು. ಆದರೆ ಹಿಂದೊಮ್ಮೆ ಗಿರಾಕಿಯೊಬ್ಬ ತನ್ನ ಅಜ್ಜನ ಗಡಿಯಾರವೆಂದು ಅತ್ತು ಕರೆದು ಒಯ್ದು, ಅದನ್ನೇ ಎದುರಿನ ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದನಂತೆ. ಅಂದಿನಿಂದ ಮನೆಯ ಹಿರಿಯರು ಬಾಯಿಬಿಟ್ಟು ಹೇಳದೆ ಏನನ್ನೂ ಬಿಟ್ಟುಕೊಡುತ್ತಿರಲಿಲ್ಲ. ಅಕ್ಕನವರು ಬರದಿದ್ದರೆ ಬೇಡ, ನಾಳೆ ಹನ್ನೊಂದಕ್ಕೆ ಫೋನಿನಲ್ಲಿ ಒಂದು ಮಾತು ಹೇಳಲಿ ಎಂದರು.

ಅಕ್ಕನಿಗೆ ಹೇಳುವುದೆಂದರೆ ಬೀಗದ ಕೈ ಹೋಯಿತೆಂದೇ ಅರ್ಥ. ಹೇಳದಿದ್ದರೆ ಬೀರು ಹೋಯಿತು. ಮಧ್ಯದ ದಾರಿ ತಮ್ಮನ ಗಂಟಲಲ್ಲೇ ಇತ್ತು. ಬಚ್ಚಲಲ್ಲಿ ನಿಂತು ಅಭ್ಯಾಸ ಮಾಡಿದ. ನಲವತ್ತು ವರ್ಷ ರೋಗಿಗಳಿಗೆ 'ಕಚ್ಚಿ, ಬಿಡಿ, ಇನ್ನೊಮ್ಮೆ ಕಚ್ಚಿ' ಎಂದು ಹೇಳಿ ಹೇಳಿ ಅಕ್ಕನ ಮಾತೇ ಕಚ್ಚಿ ಬಿಡುವ ಹಾಗಾಗಿತ್ತು. ಅದು ಎಷ್ಟು ಚೆನ್ನಾಗಿ ಬಂತೆಂದರೆ, ಸೋಫಾದ ಮೇಲೆ ಕಾಲು ಚಾಚಿ ಟೀವಿ ನೋಡುತ್ತಿದ್ದ ಅವನ ಹೆಂಡತಿ ಟೀವಿ ಆರಿಸಿ ಪೊರಕೆ ಹಿಡಿದು ನಿಂತಳು. ನಿಜ ತಿಳಿದ ಮೇಲೆ ಅದೇ ಪೊರಕೆಯನ್ನು ಬೇರೆ ಕೆಲಸಕ್ಕೆ ಎತ್ತಿದಳು.

ಮರುದಿನ ಸರಿಯಾಗಿ ಹನ್ನೊಂದಕ್ಕೆ ಕಾರ್ಖಾನೆಯ ಫೋನಿನಿಂದ ಅಕ್ಕ ಮಾತಾಡಿದಳು. ಅಂದರೆ ತಮ್ಮ.

ಅಂಗಡಿಯವರು ಒಂಬತ್ತನೆಯ ಖಾನೆಯಲ್ಲಿ ಯಾರ ದವಡೆಯಿದೆ ಎಂದು ಕೇಳಿದರು. ಬ್ಯಾಂಡಿನಲ್ಲಿ ಕಹಳೆ ಊದುವವನದು, ಮೇಲಿನದು ಎಂದು ಅಕ್ಕನ ದನಿ ಕಚ್ಚಿ ಬಿಟ್ಟಿತು. ಆ ಕಡೆ ಏನೋ ಗುಸುಗುಸು. ಬೀರು ಗುಜರಿಗೆ ಹೋದದ್ದು ಹೇಗೆಂದು ಮುಂದಿನ ಪ್ರಶ್ನೆ.

"ತಪ್ಪೆಲ್ಲ ನಂದೇ. ಪಡಸಾಲೇಲಿಡು ಅಂದೋಳೇ ನಾನು. ಪಾಪ, ತಮ್ಮ ಬೇಡ ಬೇಡ ಅಂತ ಬಡ್ಕೊಂಡ."

ಮತ್ತೆ ಗುಸುಗುಸು, ಒಂದು ಕೆಮ್ಮು. ತಮ್ಮನ ಕೈಕೆಲಸ ಹೇಗೆ ಎಂದು ಅಂಗಡಿಯವರು ಕೇಳಿದರು. ಬೀರುವಿಗೂ ಇದಕ್ಕೂ ಏನು ಸಂಬಂಧವೆಂದು ತಮ್ಮನಿಗೆ ಹೊಳೆಯಬೇಕಿತ್ತು; ಹೊಗಳಿಕೊಳ್ಳುವ ಅವಕಾಶ ಸಿಕ್ಕವನಿಗೆ ಬೇರೇನೂ ಹೊಳೆಯುವುದಿಲ್ಲ.

"ಚಿನ್ನದಂಥ ಕೈ. ಬಾಯಿಬಿಟ್ಟು ಹೇಳಿಲ್ಲ, ಆದ್ರೆ ನನಗಿಂತ ಒಂದು ಕೂದಲು ಮೇಲೇ."

"ಹಾಗಾದ್ರೆ ಕಾರ್ಖಾನೆ ಅವರಿಗೆ ಯಾವಾಗ ಬಿಟ್ಟುಕೊಡ್ತೀರಿ?"

ತಮ್ಮ ಬಾಯಿ ತೆರೆದ. ನಾಳೆಯೇ ಎನ್ನಬೇಕೆಂದಿದ್ದ. ಆದರೆ ದನಿ ಅಕ್ಕನದಾಗಿತ್ತಲ್ಲ, ಉತ್ತರವೂ ಅಕ್ಕನದೇ ಬಂದುಬಿಟ್ಟಿತು. "ಕೈ ಕಲ್ತಿದೆ. ಬಾಯಿ ಇನ್ನೂ ಏಳು ವರ್ಷದ್ದು. ಅದು ದೊಡ್ಡದಾಗೋವರೆಗೂ ನನಗೆ ಭಯ."

ತಾನು ಹೇಳಿದ್ದನ್ನು ತಾನೇ ಕೇಳಿ ತಮ್ಮ ಬೆವೆತ. ಆಮೇಲೆ ಅಂಗಡಿಯವರು ಮೆಲ್ಲಗೆ, ತಮ್ಮನನ್ನು ನಾಲ್ಕು ಗಂಟೆಗೆ ಕಳಿಸಿ ಎಂದರು.

ನಾಲ್ಕಕ್ಕೆ ಟೆಂಪೊ ಸಮೇತ ಹೋದ ತಮ್ಮ ಬಾಗಿಲಲ್ಲೇ ಕಂಬವಾದ. ಬೀರುವಿನ ಪಕ್ಕದ ಕುರ್ಚಿಯಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು, ಅಕ್ಕ ಕೂತಿದ್ದಳು. ಹಿಂದೆ ಅವಳ ಮಗಳು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಆಗಿದ್ದು ಇಷ್ಟು: ಬೆಳಿಗ್ಗೆ ಡಾಕ್ಟರು ಕಣ್ಣಿನ ಪಟ್ಟಿ ಬಿಚ್ಚಿ ಕಳಿಸಿದ್ದರು, ಈ ಬೀದಿಯಲ್ಲಿ ಬರುವಾಗ ಹೊಸ ಕಣ್ಣಿಗೆ ಸ್ಪಷ್ಟವಾಗಿ ಕಂಡ ಮೊದಲ ವಸ್ತುವೇ ಗಾಜಿನ ಹಿಂದಿನ ಬೀರು. ಅಕ್ಕ ಒಳಗೆ ಬಂದು, ಅಂಗಡಿಯವರಿಂದ ಎಲ್ಲ ಕೇಳಿ ತಿಳಿದುಕೊಳ್ಳುವಷ್ಟರಲ್ಲಿ ಹನ್ನೊಂದು ಹೊಡೆದಿತ್ತು. ಫೋನಿನ ಸ್ಪೀಕರಿನಿಂದ ಅಕ್ಕ ಹೊರಟಾಗ ಕುರ್ಚಿಯ ಮೇಲಿದ್ದ ಅಕ್ಕ, ಮುಂದಿನ ಪ್ರಶ್ನೆಗಳನ್ನೆಲ್ಲ ತಾನೇ ಅಂಗಡಿಯವರ ಕಿವಿಯಲ್ಲಿ ಉಸುರಿದ್ದಳು.

ತಮ್ಮನಿಗೆ ಯಾರ ದನಿಯೂ ಒದಗಲಿಲ್ಲ, ತನ್ನದೂ ಸೇರಿ. ಜೇಬಿನಿಂದ ಬೀಗದ ಕೈ ತೆಗೆದು ಅಕ್ಕನ ಮುಂದೆ ಹಿಡಿದ.

ಅಕ್ಕ ಅದನ್ನು ಮುಟ್ಟಲಿಲ್ಲ. ಗಂಟಲು ಸರಿಮಾಡಿಕೊಂಡಳು. ಆಮೇಲೆ ಆ ಬಾಯಿಂದ ಹೊರಟದ್ದು ತಮ್ಮನ ದನಿ. ತಪ್ಪು ಮಾಡಿ ಸಿಕ್ಕಿಬಿದ್ದಾಗ ಮಾತಿನ ಕೊನೆಯನ್ನು ಎಳೆಯುವ ಅವನ ರಾಗ ಸಮೇತ, ಒಂದೆಳೆ ಹೆಚ್ಚುಕಮ್ಮಿಯಿಲ್ಲದೆ:

"ಬೇಡಾ ಅಕ್ಕಾ... ಕೈ ನನ್ನ ಹತ್ರಾನೇ ಇರ್ಲೀ... ಭಯ ಪಡೋದನ್ನ ಇಬ್ರೂ ಅರ್ಧರ್ಧ ಮಾಡ್ಕೊಳ್ಳೋಣಾ... ಫೋನು ಮಾತ್ರ ನೀನೇ ಇಟ್ಕೊಳ್ಳೇ..."

ಅಂಗಡಿಯವರು ಮೇಜು ತಟ್ಟಿ ನಕ್ಕರು. ಮಗಳು ಸೆರಗು ಬಿಟ್ಟು ನಕ್ಕಳು. ಇವಳು ಇಷ್ಟು ವರ್ಷ ನಗದೆ ಕೂತು ಪಾಠ ಕದಿಯುತ್ತಿದ್ದಳೇ ಎಂದು ಎರಡು ಕ್ಷಣ ಬಾಯಿ ತೆರೆದು ನಿಂತಿದ್ದ ತಮ್ಮ, ಮೂರನೆಯ ಕ್ಷಣಕ್ಕೆ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಎಲ್ಲರಿಗಿಂತ ಜೋರಾಗಿ ನಗತೊಡಗಿದ. ಟೆಂಪೊದವನು ಗಾಬರಿಯಿಂದ ಒಳಗೆ ಓಡಿಬರುವಷ್ಟು ಜೋರಾಗಿ.