ಕರೆಂಟು ಬರುವ ಮೊದಲು

ಚಕ್ರ ಇನ್ನೂ ತಿರುಗುತ್ತಿದೆ, ಟಿಕ್ ಟಿಕ್ ಟಿಕ್, ತಲೆಕೆಳಗು ಮಾಡಿ ನಿಲ್ಲಿಸಿದ ಸೈಕಲ್ಲಿನ ಹಿಂದಿನ ಚಕ್ರ, ಕಡ್ಡಿಗಳ ನಡುವೆ ಸಿಕ್ಕಿಸಿದ ಕೆಂಪು ಬಿಲ್ಲೆ ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ, ಈಗಷ್ಟೇ ಜುಬೇರ ಪೆಡಲು ತಿರುವಿ ಚೈನು ಸರಿಯಾಗಿ ಕೂತಿತೇ ಎಂದು ನೋಡುತ್ತಿದ್ದ, ಆ ಕೈ ಈಗ ಪೆಡಲಿನ ಮೇಲಿಲ್ಲ, ಬೆನ್ನ ಹಿಂದೆ ತಿರುಚಿ ಹಿಡಿದಿದ್ದಾರೆ, ಮೂಗಿನ ರಕ್ತ ಗಡ್ಡಕ್ಕಿಳಿದು ತೊಟ್ಟಿಕ್ಕುತ್ತಿದೆ — ಒಂದೇ ಗುದ್ದಿಗೆ ಇಷ್ಟು ರಕ್ತ ಬರುತ್ತದೆಂದು ಕಲ್ಲಿನಾಥನಿಗೆ ಗೊತ್ತಿರಲಿಲ್ಲ, ಹಾಸ್ಟೆಲಿನ ಜಗಳಗಳಲ್ಲಿ ಅಂಗಿ ಹರಿಯುತ್ತಿತ್ತು, ಅಷ್ಟೇ. ಬಿಡಬ್ಯಾಡ ಅನೀಲಕುಮಾರ, ಕಬ್ಬಿನಾಗ ಹೊಕ್ಕರ ಸಿಗಂಗಿಲ್ಲ, ಎನ್ನುತ್ತ ಬಡಿಗೆ ಹಿಡಿದ ಮುದುಕ ದಂಡೆ ಇಳಿದು ಬಂದ, ಜುಬೇರನನ್ನು ಹಿಡಿದವ ಅವನ ಮಗನೇ ಇರಬೇಕು, ಅದೇ ಅಗಲ ಹಣೆ, ಹಿಂದೆ ಪಕ್ಕದ ಹೊಲದ ಮಂದಿ, ಒಬ್ಬ ಟೆಂಟು ಕಿತ್ತ, ಇನ್ನೊಬ್ಬ ಚೀಲ ಸುರುವಿದ, ಅವಲಕ್ಕಿ, ಟಾರ್ಚು, ಗಾಳಿ ಪಂಪು, ಪಕ್ಕಡ. ಪಕ್ಕಡ ನೋಡ್ರಿ ದೊಡ್ಡಪ್ಪ ಮಾಮಾ, ಕೇಬಲ್ ಕತ್ತರಸೂ ಪಕ್ಕಡ! ಅದು ಸೈಕಲ್ ರಿಪೇರಿದ್ದರಿ, ಎಂದ ಜುಬೇರ, ಎರಡನೇ ಗುದ್ದು ಬಿದ್ದದ್ದು ಆಗ.

ಬೆಳಿಗ್ಗೆ ಅಫಜಲಪುರ ಬಿಟ್ಟಾಗ ಇದೇ ಬಾಯಿ ಹಾಡುತ್ತಿತ್ತು. ಕಾರವಾರ ಯಾಕ ಬೇಕಲೇ ಕಲ್ಯಾ, ನಮ್ಮ ಸಮುದ್ರ ಇದ, ಆಚಿ ದಂಡಿ ಕಾಣ್ತದ, ಅಷ್ಟ ಫರಕು — ಜುಬೇರನ ಹುಚ್ಚೇ ಇದು, ಭೀಮಾ ಹೊಳೆಯ ಗುಂಟ ಜೇವರ್ಗಿಯ ತನಕ ಸೈಕಲ್ ಹೊಡೆಯಬೇಕು, ಸಿಕ್ಕಲ್ಲಿ ಉಣ್ಣಬೇಕು, ಹೊಳೆದಂಡೆಯಲ್ಲೇ ಟೆಂಟು ಹಾಕಿ ಮಲಗಬೇಕು. ಚೌಡಾಪುರದಲ್ಲಿ ಚಹಾ, ಅಂಗಡಿಯ ಉಸ್ಮಾನಸಾಬ ಹಲ್ಲು ಕಿರಿದು, ಪೆಟ್ರೋಲ್ ಭಾಳ ತುಟ್ಟಿ ಆತೇನ್ರಿ ಸಾಹೇಬ್ರ, ಸಂಸಾರನ ಸೈಕಲ್ ಮ್ಯಾಲ ಹೇರಿಕೊಂಡು ಹೊಂಟೀರಿ? ಹೋಗ್ರಿ, ಆದ್ರ ದಂಡ್ಯಾಗ ಮಲಗಬ್ಯಾಡ್ರಿ, ಮೋಟರಿನ ಕೇಬಲ್ ಕದ್ದು ತಾಮ್ರ ಮಾರಾಕತ್ತಾರ, ರೈತರು ಸಿಟ್ಟಿಗೆದ್ದಾರ. ನಾವು ಕಳ್ಳರಂಗ ಕಾಣ್ತೇವೇನ್ರಿ ಚಾಚಾ, ಎಂದಿದ್ದ ಜುಬೇರ. ನೀ ಕಾಣ್ತಿ ನೋಡು ಬೇಟಾ, ಅವ ಕಾಣಂಗಿಲ್ಲ — ಮೂವರೂ ನಕ್ಕಿದ್ದರು, ಎಲ್ಲರಿಗಿಂತ ಜೋರಾಗಿ ಕಲ್ಲಿನಾಥನೇ ನಕ್ಕಿದ್ದ, ಬಿಸಿಲು, ಕರಿಮಣ್ಣಿನ ದಾರಿ, ಟೈರಿಗೆ ಜಾಲಿಮುಳ್ಳು, ಗಾಣಗಾಪುರ ದಾಟಿದ ಮೇಲೆ ದಾರಿ ಬದಿಯ ಹೊಲದಿಂದ ಜುಬೇರ ಎರಡು ಕಬ್ಬು ಮುರಿದಿದ್ದ, ಲಟಕ್ಕನೆ, ಮೊಣಕೈ ತನಕ ರಸ ಸುರಿಸಿಕೊಂಡು ತಿಂದಿದ್ದರು, ಅಂಟು ಇನ್ನೂ ಬೆರಳಲ್ಲಿದೆ.

ಸುಳ್ಳ ಬೊಗಳಬ್ಯಾಡ್ರಿ, ಮುದುಕ ದೊಡ್ಡಪ್ಪ ಹೊಳೆಯ ಕಡೆ ಬಡಿಗೆ ತೋರಿಸುತ್ತಾನೆ, ಆಟೋ ಸ್ವಿಚ್ ಹಚ್ಚೇನಿ, ಕರೆಂಟ್ ಬಂದ್ರ ಮೋಟರ್ ತಾನ ಚಾಲೂ ಆಗ್ತದ, ಕರೆಂಟಿನ ಟೈಮ್ ಆಗಿ ಹೋಗ್ಯಾದ, ಒಂದು ಹನಿ ನೀರಿಲ್ಲ, ಮೋಟರಿನ ಪೆಟಗಿ ಬಾಗಲಾ ತೆಗದದ, ಕೇಬಲ್ ಎಲ್ಲಿ ಒಗದೀರಲೇ? ಅನೀಲಕುಮಾರ ಸೈಕಲ್ಲಿಗೆ ಒದೆಯುತ್ತಾನೆ, ನಿಲ್ಲುತ್ತಿದ್ದ ಚಕ್ರ ಮತ್ತೆ ತಿರುಗುತ್ತದೆ, ಟಿಕ್ ಟಿಕ್, ಯಾರೋ ಕಲ್ಲಿನಾಥನ ಕಾಲರು ಹಿಡಿದೆಳೆದರು, ಗುಂಡಿ ಹಾರಿತು, ಶಿವದಾರ ಹೊರಬಿತ್ತು, ತುದಿಗೆ ಲಿಂಗವಿಟ್ಟ ಬೆಳ್ಳಿಯ ಕರಡಿಗೆ — ಎತ್ತಿದ ಬಡಿಗೆ ಎತ್ತಿದಲ್ಲೇ ನಿಂತಿತು. ತಡೀರಿ, ಇವ ಲಿಂಗವಂತರಾಂವ ಇದ್ದಾನ. ಯಾವೂರೋ ತಮ್ಮಾ? ಆಳಂದರಿ. ಇವ? ಇವನೂ ಆಳಂದರಿ, ನನ್ನ ಗೆಳೆಯರಿ. ಹಂಗಾದ್ರ ಲಿಂಗ ಮುಟ್ಟಿ ಹೇಳು, ಇವ ಏನೂ ಕದ್ದಿಲ್ಲಂತ, ಹೇಳಿದಿ ಅಂದ್ರ ಇಬ್ಬರಿಗೂ ಊಟಾ ಹಾಕಿ ಕಳಸ್ತೇನಿ.

ಕೈ ಹೋಗಿ ಕರಡಿಗೆ ಹಿಡಿಯಿತು, ಮೈಶಾಖಕ್ಕೆ ಬೆಳ್ಳಿ ಬೆಚ್ಚಗಿದೆ, ಹೇಳಬೇಕಾದದ್ದು ಇಷ್ಟೇ, ಕದ್ದಿಲ್ಲರಿ — ಏನೂ ಅಂದರೆ, ಏನೂ ಕದ್ದಿಲ್ಲವೇ, ಕಬ್ಬು, ಕಣ್ಣಾರೆ ಕಾಣದ್ದನ್ನ ಲಿಂಗ ಮುಟ್ಟಿ ಹೇಳಬಾರದಪ್ಪಾ ಎನ್ನುತ್ತಿದ್ದಳು ಅವ್ವ, ಜುಬೇರ ಮೊಬೈಲು ಚಾರ್ಜಿಗೆ ಹಚ್ಚುತ್ತೇನೆಂದು ಆ ಪೆಟ್ಟಿಗೆಯ ಹತ್ತಿರ ಹೋಗಿದ್ದ, ಅದರ ಬಾಗಿಲು ತೆರೆದವ ಅವನೇ, ಕಲ್ಲಿನಾಥ ಇಲ್ಲಿ ಟೆಂಟಿನ ಗೂಟ ಬಡಿಯುತ್ತಿದ್ದ, ನೋಡಿಲ್ಲ, ನೋಡಿಲ್ಲ ಅಂದರೆ ನೋಡಿಲ್ಲ, ಹೇಳಲೇ ಕಲ್ಯಾ, ಎನ್ನುತ್ತ ಜುಬೇರ ನೋಡುತ್ತಿದ್ದಾನೆ, ಹಲ್ಲೆಲ್ಲ ಕೆಂಪು, ಹೇಳಲೇ, ಬಡಿಗೆಯ ತುದಿಗೆ ಕಬ್ಬಿಣದ ಕಟ್ಟು ಇದೆ, ಇಷ್ಟು ಹೊತ್ತು ಅದು ಕಂಡಿರಲಿಲ್ಲ. ಹೇಳವಲ್ಲ ನೋಡ್ರಿ, ಅವನ ಬಾಯಿಗೇ ಬರವಲ್ದು, ಎಂದ ಅನೀಲಕುಮಾರ, ಅಷ್ಟೇ, ದೊಡ್ಡಪ್ಪನ ಬಡಿಗೆ ಜುಬೇರನ ಮೊಣಕಾಲಿಗೆ ಬಿತ್ತು, ಲಟಕ್ಕನೆ, ಹಸಿ ಕಬ್ಬು ಮುರಿದ ಹಾಗೆ, ಅದೇ ಸಪ್ಪಳ, ಜುಬೇರ ಮೊದಲು ಕೂಗಲಿಲ್ಲ, ಬಾಯಿ ಮಾತ್ರ ತೆರೆಯಿತು, ಮತ್ತೊಂದು ಪೆಟ್ಟು ಅದರ ಮೇಲೆಯೇ, ಆಗ ಕೂಗಿದ, ಕಬ್ಬಿನೊಳಗಿನ ಹಕ್ಕಿಗಳೆಲ್ಲ ಎದ್ದವು.

ಮೂರನೆಯದಕ್ಕೆ ಬಡಿಗೆ ಎತ್ತುವಾಗ ಹೊಳೆಯ ಕಡೆಯಿಂದ ಟಕ್ ಎಂದಿತು, ಪೆಟ್ಟಿಗೆಯೊಳಗೆ, ಆಮೇಲೆ ಗುಂಯ್‌ಗುಡುವ ಸದ್ದು, ದಪ್ಪ ಪೈಪು ಕೆಮ್ಮಿತು, ಗಾಳಿ ಉಗುಳಿತು, ನೀರು, ಕಬ್ಬಿನ ಕಾಲುವೆಗೆ ಧೋ ಎಂದು ನೀರು. ಕೇಬಲ್ ಇದ್ದಲ್ಲೇ ಇತ್ತು. ಕರೆಂಟು ಈಗ ಬಂತು. ಅನೀಲಕುಮಾರ ಕೈ ಬಿಟ್ಟ, ಜುಬೇರ ಬಿದ್ದ, ಬೀಳುವಾಗ ಅವನ ಹೆಗಲು ಚಕ್ರಕ್ಕೆ ತಗುಲಿತು, ಚಕ್ರ ತಿರುಗಿತು. ಪೆಟ್ಟಿಗೆಯ ಕಡೆಯಿಂದ ಬಂದು ಇವ ಹೇಳಿದ್ದನಲ್ಲ, ಕರೆಂಟ್ ಇಲ್ಲಲೇ ಕಲ್ಯಾ, ಅಂತ, ಗೂಟ ಬಡಿಯುತ್ತಲೇ ತಾನು ಹೂಂ ಎಂದಿದ್ದನಲ್ಲ, ಆ ಒಂದು ಮಾತು ಸಾಕಿತ್ತು, ಅದಕ್ಕೆ ಲಿಂಗವೂ ಬೇಕಿರಲಿಲ್ಲ — ಕದ್ದಿಲ್ಲರಿ, ಇವ ಏನೂ ಕದ್ದಿಲ್ಲರಿ, ಕಲ್ಲಿನಾಥ ಈಗ ಹೇಳುತ್ತಿದ್ದಾನೆ, ಕರಡಿಗೆ ಇನ್ನೂ ಮುಷ್ಟಿಯಲ್ಲಿದೆ, ನೀರಿನ ಸಪ್ಪಳದಲ್ಲಿ ಯಾರಿಗೂ ಕೇಳುತ್ತಿಲ್ಲ, ದೊಡ್ಡಪ್ಪ ಬಡಿಗೆ ಊರಿ ನೀರನ್ನೇ ನೋಡುತ್ತಿದ್ದಾನೆ, ಜುಬೇರನ ಕಾಲು ಹೋಗಬಾರದ ಕಡೆಗೆ ಹೊರಳಿದೆ, ಅವನು ಕಾಲನ್ನೂ ನೋಡುತ್ತಿಲ್ಲ, ಹೊಡೆದವನನ್ನೂ ನೋಡುತ್ತಿಲ್ಲ, ಕಲ್ಲಿನಾಥನನ್ನೇ ನೋಡುತ್ತಿದ್ದಾನೆ, ಆ ಕಣ್ಣು ತಪ್ಪಿಸಲು ಕಲ್ಲಿನಾಥನಿಗೆ ಇರುವುದು ಚಕ್ರ ಒಂದೇ, ಟಿಕ್ ಟಿಕ್, ಬಿಲ್ಲೆ ಮೇಲೆ, ಬಿಲ್ಲೆ ಕೆಳಗೆ, ಟಿಕ್, ಮೇಲೆ, ಟಿಕ್, ಕೆಳಗೆ, ಕೆಂಪು ಬಿಲ್ಲೆ ಮೇಲೆ ಬಂತು, ನಿಂತಿತು.